ಹಸಿರು ಚುಕ್ಕೆಯ ಹಿಲ್‌ಬ್ರಾಂಡ್

ಹಿಲ್‌ಬ್ರಾಂಡ್ ಡೈಕೆಮಾನಿಗೆ ಪ್ರೋಗ್ರಾಂ ಬರೆಯಲು ಬರುತ್ತಿರಲಿಲ್ಲ, ಯಂತ್ರ ಬಿಚ್ಚಲು ಬರುತ್ತಿರಲಿಲ್ಲ. ಮನೆಯ ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಹೆಂಡತಿಯೇ ಏಣಿ ಹತ್ತುತ್ತಿದ್ದಳು. ಅವನಿಗೆ ಬರುತ್ತಿದ್ದುದು ಒಂದೇ ವಿದ್ಯೆ: ಇದನ್ನೆಲ್ಲ ಬಲ್ಲವರನ್ನು ಸುತ್ತ ಕೂರಿಸಿಕೊಂಡು, "ಯಾವತ್ತು ಮುಗಿಯುತ್ತೆ?" ಎಂದು ಕೇಳುವುದು. ನೆದರ್ಲೆಂಡ್ಸಿನ ಖ್ರೋನಿಂಗನ್ ಊರಿನ ಒಂದು ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಇದನ್ನೇ ಕೇಳಿ ಕೇಳಿ ಅವನು ಹಿರಿಯ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದ.

ಅವನ ಅಪ್ಪ ಬೇಕರಿ ಇಟ್ಟಿದ್ದವನು. ಸೀದ ಬ್ರೆಡ್ಡನ್ನು ಸೀದದ್ದೆಂದೇ ಹೇಳಿ ಅರ್ಧ ಬೆಲೆಗೆ ಮಾರುತ್ತಿದ್ದ. ಮಗ ಆ ಗುಣವನ್ನು ಅಪ್ಪನ ಅಂಗಡಿಯಲ್ಲೇ ಬಿಟ್ಟು ಬಂದಿದ್ದ. ಪ್ರತಿ ಗುರುವಾರ ಗ್ರಾಹಕರಿಗೆ ಒಂದು ಪುಟದ ವರದಿ ಹೋಗಬೇಕು. ಒಂದೊಂದು ಕೆಲಸದ ಎದುರಿಗೂ ಒಂದು ಚುಕ್ಕೆ. ಹಸಿರಾದರೆ ಕ್ಷೇಮ, ಹಳದಿಯಾದರೆ ಅನುಮಾನ, ಕೆಂಪಾದರೆ ಕೆಟ್ಟಿತು. ಹಿಲ್‌ಬ್ರಾಂಡನ ವರದಿಯಲ್ಲಿ ಕೆಂಪು ಕಂಡವರಿಲ್ಲ. ತಿಪ್ಪೆ ಸಾರಿಸುವುದರಲ್ಲಿ ಅವನದು ಎತ್ತಿದ ಕೈ.

ಆ ವರ್ಷ ಒಂದು ಕಾಲುವೆ ಮಂಡಳಿ ಏಳು ಸೇತುವೆಗಳ ಕೆಲಸ ಕೊಟ್ಟಿತು. ದೋಣಿ ಬಂದಾಗ ಮೇಲೇಳುವ ಹಳೆಯ ಕಬ್ಬಿಣದ ಸೇತುವೆಗಳು. ಒಂದೊಂದಕ್ಕೂ ಒಂದು ಗುಡಿಸಲು, ಒಬ್ಬ ಕಾವಲುಗಾರ. ಇನ್ನು ಮುಂದೆ ಕಾವಲುಗಾರರು ಬೇಡ, ಏಳನ್ನೂ ಒಂದೇ ಕೋಣೆಯಿಂದ ಕಂಪ್ಯೂಟರ್ ಎತ್ತಿಳಿಸಬೇಕು.

ಏಪ್ರಿಲ್‌ನಲ್ಲಿ ಹಿಲ್‌ಬ್ರಾಂಡ್ ತನ್ನ ಎಂಜಿನಿಯರ್ ಮಾರ್ನಿಕ್ಸ್‌ನನ್ನು ಕರೆದುಕೊಂಡು ಮೂರನೆಯ ಸೇತುವೆಗೆ ಹೋದ. ಅಲ್ಲಿ ಮೂವತ್ತು ವರ್ಷದಿಂದ ಕಾವಲಿಗಿದ್ದವಳು ಗೆಪ್ಕೆ. ಕಾಫಿ ಕೊಟ್ಟಳು, ಜೊತೆಗೆ ತಲೆಗೊಂದೇ ಬಿಸ್ಕತ್ತು.

"ಇದು ಹಳೇ ಕಬ್ಬಿಣ ಕಣಪ್ಪಾ," ಎಂದಳು. "ಬಿಸಿಲು ಜಾಸ್ತಿಯಾದ್ರೆ ಉಬ್ಬುತ್ತೆ. ಮೇಲೆದ್ದದ್ದು ಮತ್ತೆ ಕೂರಲ್ಲ. ಅದಕ್ಕೇ ನಾನು ಎತ್ತೋಕೆ ಮುಂಚೆ ಪೈಪಲ್ಲಿ ನೀರು ಹೊಡೀತೀನಿ. ನಿಮ್ಮ ಕಂಪ್ಯೂಟರ್ ಹೊಡಿಯುತ್ತಾ?"

"ಅದಕ್ಕೆಲ್ಲ ಸಿಸ್ಟಮ್‌ನಲ್ಲಿ ವ್ಯವಸ್ಥೆ ಇದೆ ಮೇಡಂ," ಎಂದ ಹಿಲ್‌ಬ್ರಾಂಡ್.

"ಎಲ್ಲಿದೆ? ಇಲ್ಲ," ಎಂದ ಮಾರ್ನಿಕ್ಸ್. "ನೀರು ಚಿಮ್ಮಿಸೋ ಪೈಪು ಬೇರೆ ಹಾಕ್ಬೇಕು. ಎರಡು ತಿಂಗಳ ಕೆಲಸ."

ಕಾರು ಹತ್ತಿದ ಮೇಲೆ ಹಿಲ್‌ಬ್ರಾಂಡ್ ಹರಿಹಾಯ್ದ. "ಗ್ರಾಹಕರ ಮನೆ ಕಾಫಿ ಕುಡೀತಾ 'ಇಲ್ಲ' ಅಂತೀಯಲ್ಲ, ಬುದ್ಧಿ ಇದೆಯಾ ನಿನಗೆ?"

"ಇಲ್ಲದ್ದನ್ನ ಇಲ್ಲ ಅಂದೆ."

"ಆ ಮುದುಕಿಗೆ ಕೆಲಸ ಹೋಗೋ ಭಯ. ಅದಕ್ಕೇ ಕಥೆ ಕಟ್ತಾಳೆ."

ಗುರುವಾರ ಬೆಳಿಗ್ಗೆ ಮಾರ್ನಿಕ್ಸ್ ಮೂರನೆಯ ಸೇತುವೆಗೆ ಕೆಂಪು ಚುಕ್ಕೆ ಇಟ್ಟು, ಕಾರಣ ಬರೆದು ಹಿಲ್‌ಬ್ರಾಂಡನಿಗೆ ಪತ್ರವನ್ನೂ ಕಳಿಸಿದ. ಮಧ್ಯಾಹ್ನಕ್ಕೆ ಆ ಚುಕ್ಕೆ ಹಳದಿಯಾಯಿತು. ಸಂಜೆಗೆ ನೀರಿನ ಪೈಪು 'ಮುಂದಿನ ಹಂತ'ಕ್ಕೆ ಹೋಯಿತು, ಚುಕ್ಕೆ ಹಸಿರಾಗಿ ಗ್ರಾಹಕರನ್ನು ತಲುಪಿತು. ಹಿಲ್‌ಬ್ರಾಂಡ್ ಅಂದು ನೆಮ್ಮದಿಯಾಗಿ ನಿದ್ದೆ ಮಾಡಿದ. ಅವನಿಗೆ ನಿದ್ದೆ ಎಂದೂ ಕೈಕೊಟ್ಟದ್ದಿಲ್ಲ.

ಜುಲೈನಲ್ಲಿ ಉದ್ಘಾಟನೆ. ಆ ತಂಪು ಸೀಮೆಗೆ ಅಪರೂಪವಾದ ಮೂವತ್ತನಾಲ್ಕು ಡಿಗ್ರಿ ಬಿಸಿಲು. ಮಂಡಳಿಯ ಅಧ್ಯಕ್ಷೆ ಮೂರನೆಯ ಸೇತುವೆಯ ಪಕ್ಕದ ಚಪ್ಪರದಲ್ಲಿ ನಿಂತು ಗುಂಡಿ ಒತ್ತಿದಳು. ಸೇತುವೆ ಎದ್ದಿತು, ವಾದ್ಯದವರಿದ್ದ ದೋಣಿ ಊದುತ್ತ ದಾಟಿತು, ಜನ ಚಪ್ಪಾಳೆ ತಟ್ಟಿದರು. ಇಳಿಯುತ್ತ ಬಂದ ಸೇತುವೆ ರಸ್ತೆಗೆ ಇನ್ನೊಂದು ಗೇಣಿದೆ ಎನ್ನುವಾಗ ಕಿರ್ರೆಂದು ಕಚ್ಚಿಕೊಂಡು ನಿಂತಿತು. ಆಚೆ ಬಸ್ಸು, ಈಚೆ ಟ್ರ್ಯಾಕ್ಟರು, ಎರಡೂ ಕಡೆ ಸೈಕಲ್ ಗಂಟೆಗಳು.

ಹಿಲ್‌ಬ್ರಾಂಡನಿಗೆ ಮೊದಲು ನೆನಪಾದದ್ದು ಬಸ್ಸಿನಲ್ಲಿ ಬೇಯುತ್ತಿದ್ದ ಜನರಲ್ಲ, ಗುರುವಾರದ ವರದಿ.

"ಇದು ಪರೀಕ್ಷೆಯ ಒಂದು ಭಾಗ," ಎಂದ.

"ಯಾವ ಪರೀಕ್ಷೆ?" ಎಂದಳು ಅಧ್ಯಕ್ಷೆ. "ನನ್ನನ್ನ ಉದ್ಘಾಟನೆಗೆ ಅಂತ ಕರೆದ್ರಲ್ಲ!"

ಗೆಪ್ಕೆಗೆ ಆಮಂತ್ರಣವಿರಲಿಲ್ಲ. ಆದರೂ ದಡದ ಮರದ ಕೆಳಗೆ ಮಡಚುವ ಕುರ್ಚಿ ಹಾಕಿಕೊಂಡು ಐಸ್‌ಕ್ರೀಮ್ ತಿನ್ನುತ್ತಿದ್ದಳು. ಮಾರ್ನಿಕ್ಸ್ ಅತ್ತ ಬೆರಳು ತೋರಿಸಿದ. ಹಿಲ್‌ಬ್ರಾಂಡ್ ಹೋಗಲೇಬೇಕಾಯಿತು.

"ಮೇಡಂ, ಸ್ವಲ್ಪ ಬರ್ತೀರಾ?"

"ಯಾಕಪ್ಪಾ? ಸಿಸ್ಟಮ್ ನಿದ್ದೆ ಹೋಯ್ತಾ?"

"ದಯವಿಟ್ಟು..."

"ತಾಳು, ಇದು ಕರಗ್ತಿದೆ." ಕೊನೆಯ ಚೂರಿನವರೆಗೂ ತಿಂದು ಬೆರಳು ಒರೆಸಿಕೊಂಡಳು. "ನನ್ನ ಪಂಪನ್ನ ನಿಮ್ಮೋರೇ ಕಿತ್ಕೊಂಡು ಹೋದ್ರು. ಹಿಡಿ ಬಕೆಟ್ಟು."

ಬಸ್ಸಿನವರು, ರೈತರು, ವಾದ್ಯದವರು ಸಾಲುಗಟ್ಟಿ ನಿಂತರು. ಸಾಲಿನ ತುದಿಯಲ್ಲಿ, ಹೊಸ ನೀಲಿ ಸೂಟಿನಲ್ಲಿ, ಹೊಟ್ಟೆ ಅಡಿಯಾಗಿ ಮಲಗಿ ಕಾಲುವೆಗೆ ಬಕೆಟ್ ಅದ್ದಿದವನು ಹಿಲ್‌ಬ್ರಾಂಡ್. ಪಾಚಿ ಅವನ ಟೈಗೆ ಮೆತ್ತಿಕೊಂಡಿತು. ಇಪ್ಪತ್ತೆರಡು ವರ್ಷದಲ್ಲಿ ಅವನು ಸ್ವಂತ ಕೈಯಿಂದ ಮಾಡಿದ ಮೊದಲ ಕೆಲಸ ಅದು. ಅದನ್ನೂ ನೆಟ್ಟಗೆ ಮಾಡಲಿಲ್ಲ, ಅರ್ಧ ನೀರು ಚೆಲ್ಲುತ್ತಿದ್ದ. ಮುಕ್ಕಾಲು ಗಂಟೆಯ ಮೇಲೆ ಸೇತುವೆ ದಡಾರನೆ ಕೂತಿತು. ಜನ ಗೆಪ್ಕೆಯ ಹೆಸರು ಹೇಳಿ ಕೂಗಿದರು.

"ಇದು ಮೊದಲೇ ಗೊತ್ತಿತ್ತಾ?" ಎಂದು ಅಧ್ಯಕ್ಷೆ ಕೇಳಿದಳು. ಮಾರ್ನಿಕ್ಸ್ ತಾನು ಏಪ್ರಿಲ್‌ನಲ್ಲಿ ಕಳಿಸಿದ್ದ ಪತ್ರವನ್ನು ಫೋನಿನಲ್ಲಿ ತೆರೆದು ಅವಳ ಕೈಗೇ ಕೊಟ್ಟ.

ಹಿಲ್‌ಬ್ರಾಂಡನಿಗೇನೂ ಆಗಲಿಲ್ಲ. ಇಂಥವರಿಗೆ ಏನಾದರೂ ಆಗುವುದುಂಟೇ? ಕಂಪನಿ ಅವನನ್ನು ಕಾಲುವೆಯಿಂದ ತೆಗೆದು ಹೊಸ ಮ್ಯಾನೇಜರುಗಳಿಗೆ 'ಗ್ರಾಹಕರ ವಿಶ್ವಾಸ ಗಳಿಸುವ ಬಗೆ' ಕಲಿಸಲು ಕೂರಿಸಿತು. ಚೆನ್ನಾಗಿ ಕಲಿಸುತ್ತಾನಂತೆ. ಮಾರ್ನಿಕ್ಸ್ ರಾಜೀನಾಮೆ ಕೊಟ್ಟು ಮಂಡಳಿಗೇ ಸೇರಿದ. ಚಳಿಗಾಲದೊಳಗೆ ನೀರಿನ ಪೈಪು ಹಾಕಿಸಿದ. ಅದು ಸರಿಯಾಗಿ ಚಿಮ್ಮುತ್ತದೋ ಇಲ್ಲವೋ ನೋಡಲು ಮೊದಲ ದಿನ ಗೆಪ್ಕೆಯನ್ನೇ ಕರೆಸಿದ. ಅವಳು ಸುತ್ತು ಹಾಕಿ ನೋಡಿ, "ಎಡಗಡೆ ಸಾಲ್ದು," ಎಂದಳು. ಎಡಗಡೆಗೆ ಇನ್ನೆರಡು ಪೈಪು ಬಿತ್ತು.