ಹೆಬ್ಬೆಟ್ಟು ಉಜ್ಜುತ್ತಿದ್ದ ಅಕ್ಕ

ನಾನು ಶಾಲೆ ಬಿಟ್ಟದ್ದು ೧೯೯೪ರಲ್ಲಿ, ಏಳನೇ ಕ್ಲಾಸಿನ ನಡುವೆ. ಆಮೇಲೆ ನನ್ನ ಕೈ ಹಿಡಿದು ದಾರಿ ತೋರಿದವಳೆಂದರೆ ಬಿ.ಜಿ. ಕೆರೆಯ ಜೆರಾಕ್ಸ್ ಅಂಗಡಿಯ ಅಕ್ಕ. ಶೇಂಗಾ ಕಿತ್ತು ಸವೆದ ನನ್ನ ಹೆಬ್ಬೆಟ್ಟನ್ನು ಬೆರಳಚ್ಚಿನ ಯಂತ್ರ ಒಪ್ಪುತ್ತಿರಲಿಲ್ಲ. ಅಕ್ಕ ಅದನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಪಾತ್ರೆ ತಿಕ್ಕಿದಂತೆ ಉಜ್ಜುತ್ತಿದ್ದಳು. ಹಾಗೆ ಎಷ್ಟು ಜನರದನ್ನು ಉಜ್ಜುತ್ತಿದ್ದಳೋ, ಆಕೆಯ ಬೆರಳ ತುದಿಗಳೇ ನೆನೆದು ಬೆಳ್ಳಗೆ ಸುಕ್ಕಾಗಿರುತ್ತಿದ್ದವು.

"ತಡಿಯಪ್ಪ, ಮಣ್ಣು ಹೋಗ್ಲಿ. ಒಳಗೆ ನೀನಿದ್ದೀಯೋ ಇಲ್ವೋ ನೋಡಾಣ."

ಬೆಳೆ ವಿಮೆ ದೊಡ್ಡ ಹಿಡುವಳಿಯವರಿಗೆ ಎಂದು ನಮ್ಮಂಥ ಎರಡು ಮೂರು ಎಕರೆಯವರು ಸುಮ್ಮನಿದ್ದೆವು. ಅಕ್ಕ ಊರಿಗೇ ಬಂದು ಹೇಳಿದಳು. ಪಹಣಿ ಸತ್ತ ಮಾವನ ಹೆಸರಲ್ಲೇ ಉಳಿದಿದ್ದ ಹೆಂಗಸರನ್ನು ನಾಡಕಚೇರಿಗೆ ತಾನೇ ಕರೆದೊಯ್ದಳು. ನನ್ನದೂ ಸೇರಿ ನಲವತ್ತೊಂದು ಮನೆ ಆ ವರ್ಷ ವಿಮೆ ಕಟ್ಟಿದವು. ನಮ್ಮೂರಿನ ತೆಲುಗು ಮಾತಿನ ಅಜ್ಜಿ, "ಡಬ್ಬುಲೆಪ್ಪುಡು ವಸ್ತಾಯಿ ತಲ್ಲೀ?" ಎಂದು ದುಡ್ಡು ಯಾವಾಗ ಬರುತ್ತದೆ ಅಂತ ಕೇಳಿದರೆ ಅಕ್ಕ ನಗುತ್ತಿದ್ದಳು. "ಬೆಳೆ ಬರ್ಲಿ ಅಂತ ಬೇಡ್ಕೋ ಅಜ್ಜಿ. ಅದು ಬರ್ದಿದ್ರೆ ಇದು."

ಹೂವಿನ ಹೊತ್ತಿಗೆ ಮಳೆ ನಿಂತಿತು. ಗಿಡ ಕಿತ್ತರೆ ಬೇರಿಗೆ ಎರಡು ಜೊಳ್ಳು ಕಾಯಿ. ಪಂಚಾಯಿತಿಯಲ್ಲಿ ನಾಲ್ಕು ಹೊಲ ಆರಿಸಿ, ಒಂದೊಂದರಲ್ಲೂ ಐದು ಮೀಟರಿನ ಚೌಕ ಹಾಕಿ, ಅಷ್ಟರ ಬೆಳೆ ಕಿತ್ತು ತೂಗುತ್ತಾರೆ. ಆ ತೂಕ ಕಡಿಮೆ ಬಂದರೆ ಪಂಚಾಯಿತಿಗೆಲ್ಲ ಪರಿಹಾರ, ಹೆಚ್ಚು ಬಂದರೆ ಯಾರಿಗೂ ಇಲ್ಲ. ನಾಲ್ಕರಲ್ಲಿ ನನ್ನ ಹೊಲವೂ ಒಂದಾಯಿತು. ಅಕ್ಕ ಫೋನ್ ಮಾಡಿದಳು.

"ಅವ್ರು ಗೂಟ ಎಲ್ಲಿ ಹೊಡೀತಾರೋ ಅಲ್ಲೇ ಕೀಳ್ಲಿ. ನೀನು ಬಾಯಿ ಹಾಕ್ಬ್ಯಾಡ."

"ಜೆರಾಕ್ಸ್ ನಿಂದು, ಹೊಲ ನಂದು ಅಕ್ಕಾ. ನನಗೆ ಹೊಲ ಹೇಳ್ಕೊಡ್ಬ್ಯಾಡ," ಎಂದು ಫೋನ್ ಇಟ್ಟೆ.

ನಮ್ಮ ಮನೆಯಲ್ಲಿ ಮುಂದಿನ ವರ್ಷದ ಬೀಜಕ್ಕೆಂದು ಹೊಲದ ಒಂದು ತುಂಡನ್ನು ಬೇರೆಯಾಗಿ ಸಾಕುತ್ತೇವೆ. ಆ ವರ್ಷ ನಾನೂ ನನ್ನ ಹೆಂಡತಿಯೂ ಕೊಡದಲ್ಲಿ ನೀರು ಹೊತ್ತು ಅದೊಂದನ್ನು ಉಳಿಸಿದ್ದೆವು. ಅಳೆಯಲು ಬಂದವನ ಗೂಟ ಬಿದ್ದದ್ದು ಕಲ್ಲುನೆಲದ ಒಣಗಿದ ಅಂಚಿಗೆ. ಬದುವಿನ ಮೇಲೆ ನಿಂತಿದ್ದ ಪಕ್ಕದ ಹೊಲದವನು ಕೂಗಿದ: "ಲೇ, ಏನಲೇ ಇದು? ಕುರಿ ಮೇಯ್ಲಿ ಅಂತ ಬಿತ್ತಿದ್ದೇನಲೇ?"

ಅಕ್ಕನ ಮಾತು ಮರೆತೇಹೋಯಿತು. "ಸಾರ್, ಅಲ್ಲಿ ಬ್ಯಾಡ್ರಿ. ಇಲ್ಲಿ ಬರ್ರಿ," ಎಂದು ಬೀಜದ ತುಂಡು ತೋರಿಸಿದೆ. ಅವನಿಗೂ ಬಿಸಿಲು, ಆತುರ. ಗೂಟ ಈಚೆಗೆ ಬಂತು. ತಕ್ಕಡಿ ಜಗ್ಗಿದಾಗ ಎದೆಯುಬ್ಬಿಸಿ ಬದುವಿನ ಕಡೆ ತಿರುಗಿದೆ. "ನೋಡಲೇ, ಇದು ಬ್ಯಾಸಾಯ!"

ಪರಿಹಾರದ ಪಟ್ಟಿಯಲ್ಲಿ ನಮ್ಮ ಪಂಚಾಯಿತಿ ಇರಲಿಲ್ಲ. ನಾಲ್ಕು ಹೊಲದ ಸರಾಸರಿ ಇಳುವರಿ ಪರಿಹಾರದ ಗೆರೆಯನ್ನು ಒಂದಿಷ್ಟೇ ದಾಟಿತ್ತಂತೆ. ಊರು ಅಂಗಡಿಗೆ ನುಗ್ಗಿತು. "ನಮ್ಮ ದುಡ್ಡು ತಿಂದು ಅರಗಿಸ್ಕೊಂಡ್ಯೇನಮ್ಮ?" ಎನ್ನುತ್ತಾ ಒಬ್ಬೊಬ್ಬರೂ ರಸೀತಿಯನ್ನು ಆಕೆಯ ಮುಂದೆ ಎಸೆದರು. ಒಬ್ಬನೇ ಇಟ್ಟುಕೊಂಡರೆ ಅನುಮಾನ ಬಂದೀತೆಂದು ನಾನೂ ನನ್ನದನ್ನು ಎಸೆದೆ.

ಎಲ್ಲರೂ ಹೋದ ಮೇಲೆ ಅಕ್ಕ ಕೇಳಿದಳು, "ನಿನ್ನ ಹೊಲದಾಗೆ ಎಲ್ಲಿ ಕಿತ್ರು?"

"ಬೀಜದ ತುಂಡಿನಾಗೆ."

ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿ ತಂತಿಯ ಮೇಲೆ ಹರವಿದಳು. "ಯಾರಿಗೂ ಹೇಳ್ಬ್ಯಾಡ. ನೀನು ಆ ಊರಾಗೆ ಬಾಳ್ಬೇಕು. ನಾನು ಅಂಗ್ಡಿಯವಳು, ನಾಕು ಮಾತು ಕೇಳ್ತೀನಿ."

ನಾನು ಹೇಳಲಿಲ್ಲ. ಎತ್ತಿನ ಜೊತೆ ಎತ್ತಾಗಿ ದುಡಿಯುತ್ತೇನೆ, ಯಾರ ಹಂಗಿನಲ್ಲೂ ಇಲ್ಲ ಎಂದು ಹೇಳಿಕೊಂಡು ತಿರುಗುವವನು ನಾನು. ಆ ಹೆಂಗಸಿನ ಹಿಂದೆ ಬಚ್ಚಿಟ್ಟುಕೊಂಡೆ.

ಮರುವರ್ಷ ಅಕ್ಕ ಊರಿಗೆ ಬಂದಾಗ ಒಂದು ಮನೆಯವರೂ ಚಾಪೆ ಹಾಸಲಿಲ್ಲ. ನಮ್ಮಂಥವರು ಯಾರೂ ವಿಮೆ ಕಟ್ಟಲಿಲ್ಲ. ಮಳೆ ಮತ್ತೆ ಕೈಕೊಟ್ಟಿತು. ಈ ಸಲ ಪಟ್ಟಿಯಲ್ಲಿ ನಮ್ಮ ಪಂಚಾಯಿತಿ ಇತ್ತು. ಬ್ಯಾಂಕಿನ ಮೂಲಕ ಕಟ್ಟಿದ್ದ ದೊಡ್ಡವರ ಖಾತೆಗೆ ಹಣ ಬಿತ್ತು. ನಮ್ಮ ನಲವತ್ತೊಂದು ಮನೆಯ ಹೆಸರೇ ಅದರಲ್ಲಿರಲಿಲ್ಲ. ಎಷ್ಟೋ ಮನೆಗಳವರು ಮನೆಗೆ ಬೀಗ ಹಾಕಿ ಕೂಲಿಗೆ ಹೋದರು.

ಅಷ್ಟರಲ್ಲಿ ಅಕ್ಕನಿಗೆ ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದಿತ್ತು. ಡಯಾಲಿಸಿಸ್‌ಗೆಂದು ಚಳ್ಳಕೆರೆಗೆ ಹೋಗುತ್ತಿದ್ದವಳು ಒಮ್ಮೆ ಬಸ್ಸಿನಲ್ಲಿ ಸಿಕ್ಕಳು. ನನ್ನ ಹೆಬ್ಬೆಟ್ಟು ಹಿಡಿದು ನೋಡಿ, "ಗೆರೆ ಒಂದೂ ಉಳಿದಿಲ್ಲಲ್ಲೋ," ಎಂದಳು. ಅದೇ ಕೊನೆಯ ಮಾತು.

ತಿಥಿಯ ದಿನ ಆಕೆಯ ಮಗಳು ಒಂದು ಬಿಸ್ಕತ್ತಿನ ಡಬ್ಬಿ ಕೊಟ್ಟಳು. "ನಿಮ್ಮೂರೋರ್ದಂತೆ ಮಾಮ. ಎಸೀಬ್ಯಾಡ ಅಂದಿದ್ಳು ಅವ್ವ." ಒಳಗೆ ರಸೀತಿಗಳು, ಒಂದೊಂದೂ ಸುಕ್ಕು ಬಿಡಿಸಿ ಜೋಡಿಸಿದ್ದವು.

ಈಗ ಮನೆಮನೆಗೆ ಹೋಗಿ ನಡೆದದ್ದನ್ನು ಹೇಳುತ್ತಿದ್ದೇನೆ. ಆರನೆಯದು ಆ ಅಜ್ಜಿಯ ಮನೆ. ಪೂರಾ ಕೇಳಿಸಿಕೊಂಡು, "ಆಯಮ್ಮ ಇರುವಾಗ ಹೇಳ್ಬೇಕಿತ್ತಲ್ಲಪ್ಪಾ," ಎಂದು ಬಾಗಿಲು ಮುಂದೆ ಮಾಡಿಕೊಂಡಿತು.

ನನ್ನ ಹತ್ತಿರ ಈಗ ಇರುವುದು ಮೂರು ಎಕರೆ ಹೊಲ, ಒಂದು ಜೊತೆ ಎತ್ತು, ಒಂದು ಚೀಲ ಬಿತ್ತನೆ ಶೇಂಗಾ, ನಲವತ್ತೊಂದು ರಸೀತಿ. ಹೇಳಬೇಕಾದ ಮನೆ ಇನ್ನೂ ಮೂವತ್ತನಾಲ್ಕು.