ಕಾಗಾಲದ ದಳವಾಯಿ

ಒಂದು ಕಾಲದಲ್ಲಿ ನಾನು ಸೇನಾಪತಿಗಳನ್ನು ಸೃಷ್ಟಿಸುತ್ತಿದ್ದೆ ಎಂದರೆ ನೀವು ನಗಬಹುದು. ನಗಿ, ಅಡ್ಡಿಯಿಲ್ಲ. ಎರಡು ಸಾವಿರದ ಇಸವಿಯ ಆಚೀಚೆ ಕುಮಟೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಮಾಸ್ತರ. ವಿದ್ಯಾರ್ಥಿಗಳಿಲ್ಲದ ಮಧ್ಯಾಹ್ನ, ಸೈನ್ಯ ಕಟ್ಟಿ ಕೋಟೆ ಹಿಡಿಯುವ ಆಟವೊಂದನ್ನು ತೆರೆದುಕೊಂಡು ಕೂರುತ್ತಿದ್ದೆ. ಅದರಲ್ಲಿ ನಮ್ಮದೇ ನಕಾಶೆ ಬರೆದು, ನಮ್ಮದೇ ಜನರನ್ನಿಟ್ಟು, ನಮ್ಮದೇ ಕಥೆ ಹೆಣೆಯಬಹುದಿತ್ತು. ಅಘನಾಶಿನಿಯನ್ನು ಹರಿಸಿದೆ, ಮಿರ್ಜಾನದಲ್ಲಿ ಕೋಟೆ ಕಟ್ಟಿದೆ. ದೇವರಿಗಿಂತ ತುಸು ಹೆಚ್ಚೇ ಹೆಮ್ಮೆಪಟ್ಟೆ.

ನದಿ, ಕೋಟೆ ಸುಲಭ. ಮನುಷ್ಯರೇ ಕಷ್ಟ. ನನ್ನ ನಾಯಕ ಶೂರ, ಸತ್ಯವಂತ, ಬೆಳಗ್ಗೆ ಬೇಗ ಏಳುವವ. ಪುರಾಣ ಕಟ್ಟಿದ ನಮ್ಮ ಹಿರಿಯರು ದೇವರಿಗೇ ಸಿಟ್ಟು, ಹೊಟ್ಟೆಕಿಚ್ಚು ಕೊಟ್ಟವರು. ನಾನೋ ಒಂದು ಯಃಕಶ್ಚಿತ್ ಗೊಂಬೆಗೆ ಸೋಮಾರಿತನವನ್ನೂ ಕೊಟ್ಟಿರಲಿಲ್ಲ. ಸಹೋದ್ಯೋಗಿ ಮಾಬ್ಲ ಅರ್ಧ ತಾಸು ಆಡಿ ಆಕಳಿಸಿದ. “ಇವ್ರೊಳಗೆ ಒಬ್ಬಂವನೂ ನಮ್ಮೂರವ್ನಲ್ಲ ಮಾರಾಯಾ” ಎಂದ.

ಮಾತು ನಾಟಿತು. ನಮ್ಮೂರವನಿಗಾಗಿ ದೂರ ಹುಡುಕಬೇಕಿರಲಿಲ್ಲ. ಕಾಗಾಲದಲ್ಲಿ ನನ್ನ ಸೋದರಮಾವನಿದ್ದ. ನಮ್ಮಲ್ಲಿ ಮದುವೆಗೆ ಕರೆಯುವುದೆಂದರೆ ಮನೆಯವರೇ ಮನೆಗೆ ಹೋಗಿ, ಅಕ್ಷತೆ ಕೊಟ್ಟು, ಬಾಯಾರೆ ಹೇಳಬೇಕು. ಅಕ್ಕನ ಮದುವೆಯಲ್ಲಿ ಮಾವನನ್ನು ಕರೆಯುವ ಕೆಲಸ ನನ್ನದಾಗಿತ್ತು. ನಾನು ಮದುವೆ ಕಾಗದವನ್ನು ಆ ಕಡೆ ಹೋಗುವ ಹಾಲಿನವನ ಕೈಗೆ ಕೊಟ್ಟು ಕಳಿಸಿದೆ. ಧಾರೆಯ ಹೊತ್ತಿಗೆ ಅಕ್ಕನನ್ನು ಮಂಟಪಕ್ಕೆ ಕರೆತರಬೇಕಾದ ಮಾವ ಬರಲೇ ಇಲ್ಲ. ಅಂದಿನಿಂದ ಎರಡು ವರ್ಷ ಅಮ್ಮ ತವರಿಗೆ ಹೋಗಿರಲಿಲ್ಲ. ಚೌತಿ ಬಂದರೆ ಕಾಗಾಲದ ಬಸ್ಸಿನ ಸಮಯ ವಿಚಾರಿಸಿ ಸುಮ್ಮನಾಗುತ್ತಿದ್ದಳು. ಮಾವನ ಬಿಗುಮಾನಕ್ಕೆ ನಾವೆಲ್ಲ ಬೈದುಕೊಂಡದ್ದೇ ಬೈದುಕೊಂಡದ್ದು.

ಆ ಮಾವನನ್ನೇ ಕಾಗಾಲದ ದಳವಾಯಿ ಮಾಡಿದೆ. ಅವನ ಹತ್ತು ದೋಣಿ ಬಂದರೆ ಮಾತ್ರ ಕೋಟೆ ಉಳಿಯುತ್ತದೆ. ಆದರೆ ದೂತ ಹೋದರೆ ಅವನು ಬರುವುದಿಲ್ಲ. ಸೇಡು ತೀರಿದ ತೃಪ್ತಿಯಲ್ಲಿ ಮಾಬ್ಲನನ್ನು ಆಡಲು ಕೂರಿಸಿದೆ. ಅವನು ನಾಲ್ಕು ಸಲ ದೂತನನ್ನು ಕಳಿಸಿದ. ಕೋಟೆ ಬಿತ್ತು.

“ಇಂವ ಎಂತಕ್ಕೆ ಬರೂದಿಲ್ಲ?”

“ನಾಯಕನೇ ಹೋಗಿ ಕರೀಬೇಕು. ಅಷ್ಟು ಬಿಗುಮಾನ ಅವಂಗೆ.”

“ಹಂಗಾರೆ ತಪ್ಪು ನಾಯಕಂದೇ ಅಲ್ದಾ? ಅವಂಗೆ ಕಾಲಿಲ್ವಾ?”

ನಮ್ಮ ಮನೆಯ ಸಂಗತಿ ಮಾಬ್ಲನಿಗೆ ಗೊತ್ತಿರಲಿಲ್ಲ. ಅವನು ಹೇಳಿದ್ದು ಆಟದ ಗೊಂಬೆಯ ಬಗ್ಗೆ. ನನಗೆ ಮಾತ್ರ ಮುಖ ಎತ್ತಲಾಗಲಿಲ್ಲ. ಕುಂದುಕೊರತೆ ಹಂಚುವಾಗ ಎಲ್ಲವನ್ನೂ ಮಾವನ ಎಲೆಗೆ ಬಡಿಸಿ, ನನ್ನ ಪಾಲು ಮುಚ್ಚಿಟ್ಟಿದ್ದೆ. ಅಂದು ಕಾಗಾಲಕ್ಕೆ ಯಾಕೆ ಹೋಗಲಿಲ್ಲವೆಂದು ನಾನು ಯಾರಿಗೂ ಹೇಳಿರಲಿಲ್ಲ. ಇದೇ ಆಟದ ಎದುರಿನಿಂದ ಏಳಲು ಮನಸ್ಸಾಗಿರಲಿಲ್ಲ, ಅಷ್ಟೆ.

ಭಾನುವಾರ ಸೈಕಲ್ ಹತ್ತಿದೆ. ಮಾವ ಅಂಗಳದಲ್ಲಿ ತೆಂಗಿನ ನಾರಿನ ಹಗ್ಗ ಹೊಸೆಯುತ್ತಿದ್ದ. ನನ್ನನ್ನು ನೋಡಿ, “ಈಗ ಯಾರ ಮದ್ವೆ?” ಎಂದ.

“ಯಾರ್ದೂ ಅಲ್ಲ ಮಾವ. ಆಗ ನಾನು ಬರ್ಬೇಕಾಗಿತ್ತು. ಉದಾಸೀನ ಮಾಡ್ದೆ. ತಪ್ಪಾತು.”

ಮಾವ ಹಗ್ಗವನ್ನು ಇನ್ನೊಂದು ಮೊಳ ಹೊಸೆದ. ಆಮೇಲೆ, “ಅಮ್ಮ ಕಳ್ಸಿದ್ಲಾ?”

“ಇಲ್ಲ. ನಾನೇ ಬಂದೆ.”

ಹಗ್ಗ ಕೆಳಗಿಟ್ಟು ಎದ್ದ. “ಹಂಗಾರೆ ನಡಿ. ತಂಗೀನ ಕರ್ಯೂಕೆ ನಾನೇ ಬರ್ತೆ. ನಿನ್ನ ಹತ್ರ ಹೇಳಿ ಕಳ್ಸೂದು ಸಮ ಅಲ್ಲ.”

ಸೈಕಲ್ಲಿನ ಹಿಂದೆ ಕೂತು, ಕುಮಟೆಯವರೆಗೂ ನನ್ನ ಸವಾರಿಯಲ್ಲಿ ತಪ್ಪು ಹುಡುಕುತ್ತ ಬಂದ. ಒಂದೂ ಸುಳ್ಳಾಗಿರಲಿಲ್ಲ.