ಸೀಗೆ ಹುಣ್ಣಿಮೆಯ ಚರಗದಲ್ಲಿ ದ್ರಾಕ್ಷಿ ಜೆಲ್ಲಿ

ಮಾನ್ಯ ಸ್ನೇಹಿತರಲ್ಲಿ ಅರಿಕೆ. ಇಂದು ಸೀಗೆ ಹುಣ್ಣಿಮೆಯ ನಿಮಿತ್ತ, ಸಾವಳಗಿಯ ನಮ್ಮ ಜೋಳದ ಹೊಲದಲ್ಲಿ ಬಸುರಿ ಭೂತಾಯಿಗೆ ಬಯಕೆಯ ಊಟವೆಂದು ಚರಗ ಚೆಲ್ಲುವ ಹೊಣೆ ಹಿರಿಯನಾದ ನನ್ನದಾಗಿತ್ತು. ಕಡಬು, ಹೋಳಿಗೆಗಳ ಜೊತೆಗೆ ಬುಟ್ಟಿಯಲ್ಲಿ ಕಂಡ ದ್ರಾಕ್ಷಿ ಜೆಲ್ಲಿಯನ್ನೂ ನಾಲ್ಕೂ ಮೂಲೆಗೆ ಭಕ್ತಿಪೂರ್ವಕವಾಗಿ ಚೆಲ್ಲಿದೆನು.

ಕಿರಿಯ ಮಗ ಓಡಿಬಂದ. "ಅಪ್ಪಾ, ಅದು ಸಂಜಿ ಪಾರ್ಟಿಗೆ ಗೆಳ್ಯಾರಿಗಂತ ಮಾಡಿದ್ದು! ಅದ್ರಾಗ ರಮ್ ಐತಿ!"

ನನ್ನ ಧರ್ಮಪತ್ನಿ ತಲೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯ ಶಿವನ! ಜನ್ಮದಾಗ ಒಂದ್ ಹನಿ ಮುಟ್ಟದವ್ರು, ಬಸುರಿಗೆ ಕುಡಿಸಿ ಬಂದ್ರಲ್ಲರಿ!"

ಸದರಿ ಜೆಲ್ಲಿಯನ್ನು ಹೆಕ್ಕಿ ತರಲು ಹೋದರೆ, ಅದು ಬಿಸಿಲಿಗೆ ಕರಗಿ ಆಗಲೇ ಮಣ್ಣಿಗಿಳಿದಿತ್ತು.

ಆದಕಾರಣ ಈ ವರ್ಷ ನಮ್ಮ ಜೋಳದ ಬೆಳೆ ತೂರಾಡಿದಲ್ಲಿ, ಗಾಳಿಯನ್ನೇ ಹೊಣೆ ಮಾಡಬೇಕೆಂದು ತಮ್ಮಲ್ಲಿ ವಿನಂತಿ.